ಶನಿವಾರದ ಉಪವಾಸ

ಮೊದ್ಲೇ ಹೇಳ್ಬಿಡ್ತೀನಿ, ಇದನ್ನೆಲ್ಲ ನಾನು ಒಂದೇ ಬೆರಳಲ್ಲಿ ಟೈಪ್ ಮಾಡ್ತಿರೋದು. ಮಿಕ್ಕ ಒಂಬತ್ತು ಬೆರಳು ಹಿಂದಿನ ಬೆಂಚಿನ ಮಕ್ಕಳ ಥರ ಸುಮ್ನೆ ಕೂತು ನೋಡ್ತಿವೆ. ಕಲಿಸಿದ್ದು ಮೊಮ್ಮಗಳು. ಅವಳಿಗೆ ತಾಳ್ಮೆ ಅನ್ನೋದು ಸಾಸಿವೆಯಷ್ಟೂ ಇಲ್ಲ. "ಅಜ್ಜಿ, ಅಷ್ಟು ಗಟ್ಟಿಯಾಗಿ ಒತ್ಬೇಡ, ಅದೇನು ಕಾಲಿಂಗ್ ಬೆಲ್ಲಾ?" ಅಂತ ರೇಗ್ತಾಳೆ. ನಾನು ಬೇಕಂತ್ಲೇ ಇನ್ನೊಂದ್ಸಲ ಗಟ್ಟಿಯಾಗಿ ಒತ್ತೀನಿ. ಜೀವನವೆಲ್ಲ ಟೀಚರಾಗಿದ್ದವಳಿಗೆ ಈಗ ವಿದ್ಯಾರ್ಥಿಯಾಗೋದು ಒಂಥರಾ ಮಜಾ. ಎಷ್ಟು ತಪ್ಪು ಮಾಡಿದ್ರೂ ಯಾರೂ ಹೊಡಿಯಲ್ಲ.

ಬರೀತಿರೋದಕ್ಕೆ ಕಾರಣ ನನ್ನ ಹಳೇ ವಿದ್ಯಾರ್ಥಿಗಳು. ಭದ್ರಾವತೀಲಿ ಕಾರ್ಖಾನೆ ಹತ್ರ ಒಂದು ಕನ್ನಡ ಶಾಲೆ ಇತ್ತು, ಅಲ್ಲಿ ನಾನು ಏಳನೇ ಕ್ಲಾಸಿನ ಟೀಚರ್. ಅಲ್ಲಿನ ಒಂದು ಬ್ಯಾಚಿನವ್ರು ಫೋನಲ್ಲಿ ಗ್ರೂಪ್ ಮಾಡ್ಕೊಂಡು ನನ್ನನ್ನೂ ಅದಕ್ಕೆ ಸೇರಿಸ್ಕೊಂಡಿದಾರೆ. ಅದರ ಯಜಮಾನ, ಆಗ ಪಂಕ್ಚರ್ ಅಂಗಡಿಯವ್ರ ಮಗ. ಈಗ ಶಿವಮೊಗ್ಗದ ಸವಳಂಗ ರಸ್ತೇಲಿ ದೊಡ್ಡ ಟೈರ್ ಅಂಗಡಿ ಇಟ್ಟಿದಾನೆ. ನೆನಪಿನ ಪುಸ್ತಕ ಅಂತ ಒಂದು ಮಾಡ್ತಾರಂತೆ. "ಟೀಚರ್, ನೀವು ನಮ್ಮನ್ನೆಲ್ಲ ಭೇದ ಇಲ್ದೆ ಹೆಂಗೆ ಓದಿಸಿದ್ರಿ ಅಂತ ಬರೀಬೇಕು. ನಾಲ್ಕು ಪುಟ ಸಾಕು" ಅಂದ.

"ನಾಲ್ಕು ಪುಟನಾ? ನಿನ್ನ ಕೈಲಿ ಅರ್ಧ ಪುಟ ಬರೆಸೋಕೆ ನನಗೆ ಒಂದು ವರ್ಷ ಹಿಡೀತಲ್ಲೋ ಮಾರಾಯ."

"ಅದನ್ನೂ ಬರೀರಿ ಟೀಚರ್" ಅಂತ ನಕ್ಕ.

ಗ್ರೂಪಲ್ಲಿ ದಿನಾ ಬೆಳಿಗ್ಗೆ ನನಗೆ ಒಂದು ರಾಶಿ ನಮಸ್ಕಾರ. "ನೀವು ನಮ್ಮನ್ನ ಎಲ್ಲರ ಮನೆಗೂ ಕರ್ಕೊಂಡು ಹೋದ್ರಿ." "ಮೇಲು ಕೀಳು ಅನ್ನೋದು ಇಲ್ಲ ಅಂತ ನಮಗೆ ತೋರಿಸಿದ್ದೇ ನೀವು." ಕೊನೇಲಿ ಕೈ ಮುಗಿಯೋ ಚಿತ್ರ. ಒಂದೊಂದು ಕೈ ಮುಗಿದಾಗ್ಲೂ ನಾನು ಫೋನ್ ಮಗುಚಿಡ್ತೀನಿ. ಯಾಕಂದ್ರೆ ಆ ಗ್ರೂಪಲ್ಲಿ ಒಬ್ಬಳಿಲ್ಲ. ಅವಳಿಲ್ದಿರೋದಕ್ಕೆ ಕಾರಣ ನಾನು. ನೀವು ಪುಸ್ತಕಕ್ಕೆ ಕೇಳಿದೀರಿ, ಹಾಗಾಗಿ ಅದನ್ನೇ ಬರೀತೀನಿ.

ನಮ್ಮ ಕ್ಲಾಸು ಅಂದ್ರೆ ಸಂತೆ. ತಮಿಳು ಮಾತಾಡೋ ಮನೆ ಮಕ್ಕಳು, ತೆಲುಗು ಮಾತಾಡೋರು, ಉರ್ದು ಮಾತಾಡೋರು, ನಮ್ಮ ಕಡೆಯವರು, ಎಲ್ಲ ಒಂದೇ ಕೋಣೇಲಿ. ಕಾರ್ಖಾನೆ ಸೂಪರ್‌ವೈಸರ್ ಮಗಳು ಶೂ ಸಾಕ್ಸ್ ಹಾಕ್ಕೊಂಡು ಬರ್ತಿದ್ಲು. ಪಕ್ಕದಲ್ಲಿ ಕೂತವಳ ಕಾಲಲ್ಲಿ ಅಣ್ಣನ ಹವಾಯಿ ಚಪ್ಪಲಿ, ಹಿಮ್ಮಡಿ ಹಿಂದೆ ಎರಡು ಬೆರಳು ಉಳಿಯೋ ಅಷ್ಟು ದೊಡ್ಡದು. ಪಾಠ ಮಾಡೋವಾಗ ಎಲ್ಲ ಒಂದೇ. ಮಧ್ಯಾಹ್ನ ಊಟದ ಬೆಲ್ ಹೊಡೆದ ತಕ್ಷಣ ಮಾತ್ರ ಬೇರೆ ಬೇರೆ ಗುಂಪು. ಯಾರೂ ಹೇಳಿಕೊಟ್ಟಿದ್ದಲ್ಲ, ನೀರು ಇಳಿಜಾರಿಗೆ ಹರಿಯುತ್ತಲ್ಲ, ಹಂಗೆ ಹೋಗಿ ಅವರವರ ಜಾಗದಲ್ಲಿ ಕೂತ್ಕೊಳ್ತಿದ್ರು. ನನಗೆ ನೋಡಿ ನೋಡಿ ಸಾಕಾಗಿ ಒಂದು ಉಪಾಯ ಮಾಡ್ದೆ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಪ್ರತಿ ವಾರ ಒಬ್ಬರ ಮನೆಗೆ ಹೋಗೋದು, ನಾನು ಮತ್ತೆ ಆ ವಾರದ ಪಾಳಿಯ ಏಳೆಂಟು ಮಕ್ಕಳು. ಬೋರ್ಡ್ ಮೇಲೆ ನಿಯಮ ಬರೆದೆ. ಹೋದ ಮನೇಲಿ ಕೊಟ್ಟಿದ್ದು ತಿನ್ಬೇಕು. ಮೂಗು ಮುರೀಬಾರ್ದು. ಉಳಿಸ್ಬಾರ್ದು.

ಮಕ್ಕಳಿಗೆ ಹಬ್ಬ. ಮುಂದಿನ ಶನಿವಾರ ಯಾರ ಮನೆ ಅಂತ ಸೋಮವಾರದಿಂದ್ಲೇ ಜಗಳ. ಪಂಕ್ಚರ್ ಅಂಗಡಿಯವ್ರ ಮನೆಗೆ ಹೋದಾಗ ಅವನ ಅಜ್ಜಿ ಎಲ್ಲರಿಗೂ ಕೆಂಪು ಶರಬತ್ತು ಕೊಟ್ರು. ಮಕ್ಕಳ ನಾಲಿಗೆ ಎರಡು ದಿನ ಕೆಂಪು. ಸೂಪರ್‌ವೈಸರ್ ಮನೇಲಿ ಕೇಸರಿಬಾತು, ಉಪ್ಪಿಟ್ಟು. ನಾನು ಎರಡೂ ತಿಂದೆ, ಕೇಸರಿಬಾತು ಎರಡನೇ ಸಲ ಹಾಕಿಸ್ಕೊಳ್ಳೋಕೂ ನಾಚಿಕೆ ಆಗ್ಲಿಲ್ಲ.

ಈಗ ಒಂದು ಗುಟ್ಟು. ಕೆಲವು ಮನೆಗೆ ಹೋಗೋ ಹಿಂದಿನ ದಿನ ಆ ಮಗೂನ ಕರೆದು ಹೇಳ್ತಿದ್ದೆ. "ನೋಡು, ಅಮ್ಮನಿಗೆ ತೊಂದ್ರೆ ಕೊಡ್ಬೇಡ. ಒಂದು ಪ್ಯಾಕೆಟ್ ಬಿಸ್ಕತ್ತು ಸಾಕು ಅಂತ ಟೀಚರ್ ಹೇಳಿದ್ರು ಅನ್ನು." ಎಷ್ಟು ಒಳ್ಳೆ ಟೀಚರ್, ಬಡವ್ರ ಕಷ್ಟ ಗೊತ್ತು, ಅಂತ ಎಲ್ಲರೂ ಅಂದ್ಕೊಂಡ್ರು. ನಾನೂ ಹಂಗೇ ಅಂದ್ಕೊಂಡಿದ್ದೆ. ಬಿಸ್ಕತ್ತು ಅಂಗಡೀದು, ಪ್ಯಾಕೆಟ್ಟು ಕಣ್ಣೆದುರಿಗೇ ಒಡೀತಾರೆ, ಅದಕ್ಕೆ ಯಾರ ಮನೆ ಒಲೇನೂ ಸೋಕಿರಲ್ಲ. ಯಾವ ಮನೇಲಿ ಕೇಸರಿಬಾತು, ಯಾವ ಮನೇಲಿ ಬಿಸ್ಕತ್ತು ಅಂತ ಒಂದು ಪಟ್ಟಿ ನನ್ನ ತಲೇಲಿ ಇತ್ತು. ಅದನ್ನ ಯಾರು ಬರೆದ್ರು ಅಂದ್ರೆ, ನಾನು ಹುಟ್ಟೋಕೆ ಮುಂಚೇನೇ ಬರೆದಿಟ್ಟಿದ್ರು. ಅಳಿಸೋ ಕೆಲಸ ನನ್ನದಾಗಿತ್ತು. ನಾನು ಬೋರ್ಡ್ ಅಳಿಸ್ತಾ ಕೂತೆ.

ಹವಾಯಿ ಚಪ್ಪಲಿ ಅಂದ್ನಲ್ಲ, ಆ ಹುಡುಗಿ. ಮನೇಲಿ ತೆಲುಗು. ಅಪ್ಪ ಅಮ್ಮ ಇಬ್ರೂ ಬೀದಿ ಗುಡಿಸೋ ಕೆಲಸ. ಆ ವರ್ಷ ಅಪ್ಪನಿಗೆ ಎದೆ ಕಾಯಿಲೆ ಹಿಡಿದು ಮಲಗಿಬಿಟ್ಟಿದ್ರು. ಜಾತಿ ಬರಿಯಲ್ಲ. ಬರೆದ್ರೆ ಓದೋರು ಅದನ್ನೇ ಹಿಡ್ಕೊಂಡು ಹುಡುಗೀನ ಬಿಟ್ಬಿಡ್ತಾರೆ. ಎಡಗೈಲಿ ಬರೀತಿದ್ಲು. ಲೆಕ್ಕ ಅಂದ್ರೆ ಪ್ರಾಣ. ಉತ್ತರ ಗೊತ್ತಾದ್ರೆ ಕೈ ಎತ್ತೋ ವ್ಯವಧಾನ ಇಲ್ಲ, ಸೀದಾ ಎದ್ದು ನಿಂತ್ಬಿಡೋಳು.

"ಕೂತ್ಕೊಳ್ಳೆ ಮಾರಾಯ್ತಿ, ಬೇರೆಯವ್ರಿಗೂ ತಲೆ ಇದೆ."

"ಇದ್ರೆ ಹೇಳ್ಲಿ ಟೀಚರ್, ನಾನೇನು ಅವರ ಬಾಯಿ ಹಿಡ್ಕೊಂಡಿದೀನಾ?"

ದೊಡ್ಡವಳಾದ್ಮೇಲೆ ಏನಾಗ್ತೀಯ ಅಂತ ಕೇಳಿದಾಗ ಎಲ್ಲರೂ ಡಾಕ್ಟರ್, ಪೊಲೀಸ್ ಅಂದ್ರು. ಇವಳು "ರೈಲಲ್ಲಿ ಟಿ.ಸಿ." ಅಂದ್ಲು. ಅವರ ಮನೆ ಹಿಂದೇನೇ ರೈಲು ಹೋಗ್ತಿತ್ತು. "ಕಪ್ಪು ಕೋಟ್ ಹಾಕ್ಕೊಂಡು ನಿಮ್ಮ ಹತ್ರಾನೇ ಟಿಕೆಟ್ ಕೇಳ್ತೀನಿ ಟೀಚರ್. ಇಲ್ಲ ಅಂದ್ರೆ ಇಳಿಸ್ಬಿಡ್ತೀನಿ."

"ನನ್ನನ್ನೇ ಇಳಿಸ್ತೀಯೇನೆ?"

"ರೂಲ್ಸ್ ಅಂದ್ರೆ ರೂಲ್ಸು. ನೀವೇ ಹೇಳ್ತೀರಲ್ಲ."

ಮನೇಲಿ ಅವಳಿಗೆ ಓದೋಕೆ ಆಗ್ತಿರ್ಲಿಲ್ಲ. ಅಮ್ಮ ಬೆಳಕು ಹರಿಯೋ ಮುಂಚೆ ಕೆಲಸಕ್ಕೆ ಹೊರಟ್ರೆ ಅಪ್ಪನಿಗೆ ಗಂಜಿ, ಇಬ್ಬರು ತಮ್ಮಂದಿರಿಗೆ ಸ್ನಾನ, ಎಲ್ಲ ಇವಳದೇ. ಹೀಗೇ ಬಿಟ್ರೆ ಹೈಸ್ಕೂಲು ಮುಗ್ಸಲ್ಲ ಅಂತ ನನಗೆ ಗೊತ್ತಿತ್ತು. ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ಹೈಸ್ಕೂಲು, ಹತ್ರದಲ್ಲೇ ಹುಡುಗೀರ ಹಾಸ್ಟೆಲು. ಓಡಾಡಿ, ಇವರ ಕೈ ಅವರ ಕಾಲು ಹಿಡಿದು, ಎಂಟನೇ ಕ್ಲಾಸಿಗೆ ಒಂದು ಸೀಟ್ ಮಾಡ್ಸಿದೆ. ಅರ್ಜೀನೂ ತಗೊಂಡ್ಬಂದೆ. ತಂದೆ ಅಥವಾ ತಾಯಿ ಸಹಿ ಹಾಕಬೇಕು, ಅಷ್ಟೇ ಬಾಕಿ. ಹುಡುಗಿಗೆ ಹೇಳಿದಾಗ ನಗಲೂ ಇಲ್ಲ, ಅಳಲೂ ಇಲ್ಲ. "ಅಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಓದ್ಬಹುದಾ ಟೀಚರ್?" ಅಂತ ಕೇಳಿದ್ಲು. ಅಷ್ಟೇ.

ಆ ಶನಿವಾರ ಅವಳ ಮನೆ ಪಾಳಿ. ಎರಡು ಕೆಲಸ ಒಂದೇ ಸಲ ಆಗ್ಲಿ ಅಂತ ಅರ್ಜೀನೂ ಚೀಲಕ್ಕೆ ಹಾಕ್ಕೊಂಡೆ. ಬಿಸ್ಕತ್ತಿನ ಮಾತೂ ಹಿಂದಿನ ದಿನವೇ ಹೇಳಿದ್ದೆ.

ಮನೆ ಅಂದ್ರೆ ಒಂದೇ ಕೋಣೆ, ಮುಂದೆ ತಗಡಿನ ಚಪ್ಪರ. ಸಗಣಿ ಸಾರಿಸಿ, ರಂಗೋಲಿ ಹಾಕಿ, ಚಾಪೆ ಹಾಸಿದ್ರು. ಅಪ್ಪ ಒಳಗೆ ಮಲಗಿದ್ರು, ಕೆಮ್ಮು ಕೇಳಿಸ್ತಿತ್ತು. ಅಮ್ಮ ಸ್ನಾನ ಮಾಡಿ, ಪೆಟ್ಟಿಗೇಲಿಟ್ಟಿದ್ದ ಸೀರೆ ಉಟ್ಟಿದ್ಲು. ಮಡಿಕೆ ಗೆರೆ ಹಂಗೇ ಕಾಣಿಸ್ತಿತ್ತು. ಉಟ್ಟಿದ್ಲು ಅಂತ ಬರೀತಿದೀನಿ ನೋಡಿ, ಉಟ್ಟಿದ್ರು ಅಂತಲ್ಲ. ಹಿಂದಿನ ವಾರ ಸೂಪರ್‌ವೈಸರ್ ಹೆಂಡ್ತಿಗೆ "ನೀವು, ನಿಮ್ಮ" ಅಂತಿದ್ದೆ. ಇವರಿಗೆ "ನೀನು". ಒಂದೊಂದೇ ಅಕ್ಷರ ಒತ್ತುವಾಗ ಇಂಥದ್ದೆಲ್ಲ ಕಾಣುತ್ತೆ. ಅವತ್ತು ಆಡಿದ್ದನ್ನ ಆಡಿದಂಗೇ ಬರೀತೀನಿ, ಮಿಕ್ಕಿದ್ದರಲ್ಲಿ ಇನ್ಮೇಲೆ ಅವರು ಅಂತ್ಲೇ ಬರೀತೀನಿ.

ಅರ್ಜಿ ತೆಗೆದು ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದ್ರು. ಆಮೇಲೆ ಸೆರಗಲ್ಲಿ ಕೈ ಒರೆಸ್ಕೊಂಡು ಕೇಳಿದ್ರು.

"ಟೀಚರಮ್ಮ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಆ ಹಾಸ್ಟೆಲಲ್ಲಿ ನನ್ನ ಮಗಳನ್ನ ಊಟಕ್ಕೆ ಬೇರೆ ಕೂರಿಸ್ತಾರಾ?"

"ಅಯ್ಯೋ, ನೀನು ಯಾವ ಕಾಲದಲ್ಲಿದೀಯಮ್ಮ? ಎಲ್ಲರೂ ಒಂದೇ ಸಾಲು. ಒಂದೇ ಪಾತ್ರೆ."

"ನಮ್ಮಕ್ಕನ ಮಗ ಒಂದು ಕಡೆ ಹೋಗಿದ್ದ. ತಟ್ಟೆ ಬೇರೆ ಇಟ್ರಂತೆ. ಹುಡುಗ ವಾಪಸ್ ಬಂದವನು ಆಮೇಲೆ ಯಾರ ಜೊತೇನೂ ಮಾತಾಡ್ಲೇ ಇಲ್ಲ. ಹಸಿವು ತಡೀಬಹುದು ಟೀಚರಮ್ಮ. ಅದನ್ನ ನಮ್ಮ ಹುಡುಗಿ ತಡಿಯಲ್ಲ. ಅವಳಿಗೆ ರೋಷ ಜಾಸ್ತಿ."

"ಹಂಗೆಲ್ಲ ಏನೂ ಆಗಲ್ಲ. ನಾನಿದೀನಲ್ಲ. ನನ್ನ ಮುಖ ನೋಡಿ ಕಳಿಸು."

"ಆಯ್ತು. ನಿಮ್ಮ ಮುಖ ನೋಡೇ ಕಳಿಸ್ತೀನಿ" ಅಂದ್ರು. ಮುಖ ಅರಳಿತ್ತು. "ಮೊದ್ಲು ಊಟ. ಆಮೇಲೆ ಹೆಬ್ಬೆಟ್ಟು ಒತ್ತೀನಿ."

ಬಿಸ್ಕತ್ತು ಬರ್ಲಿಲ್ಲ. ಮಗಳ ಬದುಕಿನ ವಿಷಯ ಮಾತಾಡೋಕೆ ಬಂದ ಟೀಚರಿಗೆ ಬಿಸ್ಕತ್ತು ಕೊಡೋದಾ ಅಂತ ಆ ತಾಯಿಗೆ ಅನ್ನಿಸಿತ್ತು. ಟೀಚರ್ ಏನು ತಿಂತಾರೆ ಅಂತ ಮಗಳನ್ನ ಕೇಳಿ, ಚಿತ್ರಾನ್ನ ಮಾಡಿದ್ರು. ಮಕ್ಕಳಿಗೆ ಮುತ್ತುಗದ ಎಲೆ. ನನಗೆ ಒಂದು ಸ್ಟೀಲ್ ತಟ್ಟೆ. ಹೊಸಾದು. ಅಂಚಲ್ಲಿ ಅಂಗಡಿ ಸ್ಟಿಕ್ಕರ್ ಇನ್ನೂ ಕಿತ್ತಿರ್ಲಿಲ್ಲ. ಅವರು ತಿಂದ ತಟ್ಟೇಲಿ ನಾನು ತಿನ್ಬೇಕಾಗಬಾರದು ಅಂತ ನನಗೋಸ್ಕರ ಹೊಸ ತಟ್ಟೆ ತಂದಿದ್ರು. ನನ್ನ ತಲೇಲಿದ್ದ ಪಟ್ಟಿ ಅವರಿಗೂ ಬಾಯಿಪಾಠ ಇತ್ತು.

ಮಕ್ಕಳು ತಿಂತಿದ್ರು. ಸೂಪರ್‌ವೈಸರ್ ಮಗಳು ಎರಡನೇ ಸಲ ಹಾಕಿಸ್ಕೊಂಡ್ಲು. ನಾನು ತಟ್ಟೆ ನೋಡ್ತಾ ಕೂತೆ. ಕಡಲೆಬೀಜ, ಒಗ್ಗರಣೆ, ಮೇಲೆ ತುರಿದ ಕಾಯಿ. ನಮ್ಮನೇದಕ್ಕಿಂತ ಚೆನ್ನಾಗಿತ್ತು ನೋಡೋಕೆ. ಕೈ ಮುಂದೆ ಹೋಗ್ಲಿಲ್ಲ. ನಮ್ಮನೇಲಿ ಮಡಿ ಮಡಿ ಅಂತಿದ್ದ ಅತ್ತೆ ಮುಖ ನೆನಪಾಯ್ತು ಅಂತ ಅತ್ತೆ ಮೇಲೆ ಹಾಕ್ಬಹುದು, ಅವರು ತೀರ್ಕೊಂಡು ಕಾಲ ಆಯ್ತು, ಬಂದು ಜಗಳ ಆಡಲ್ಲ. ಆದ್ರೆ ಅಲ್ಲಿ ಅತ್ತೆ ಇರ್ಲಿಲ್ಲ. ಕೈ ತಡೆದಿದ್ದು ನಾನೇ.

"ಅಯ್ಯೋ" ಅಂದೆ. "ಇವತ್ತು ಶನಿವಾರ ಅಲ್ವಾ. ನನಗೆ ಉಪವಾಸ."

"ನೀರಾದ್ರೂ ಕುಡೀರಿ."

"ಈಗ್ತಾನೆ ಕುಡಿದೆ."

ಅವರು ನನ್ನ ಮುಖ ನೋಡಿದ್ರು. ನೋಡು ಅಂತ ನಾನೇ ಹೇಳಿದ್ನಲ್ಲ, ನೋಡಿದ್ರು.

"ಹಂಗಾ ಟೀಚರಮ್ಮ" ಅಂದ್ರು. "ಆಯ್ತು ಬಿಡಿ."

ತಟ್ಟೆ ಒಳಗೆ ತಗೊಂಡು ಹೋದ್ರು. ಸಿಟ್ಟಿಲ್ಲ, ಏನಿಲ್ಲ. ವಾಪಸ್ ಬಂದು ಅರ್ಜಿ ತಗೊಂಡ್ರು. "ಅವರಪ್ಪನ್ನ ಒಂದು ಮಾತು ಕೇಳಿ ಕಳಿಸ್ತೀನಿ" ಅಂದ್ರು.

ಆ ವಾರ ಹುಡುಗಿ ಶಾಲೆಗೆ ಮಾಮೂಲಾಗಿ ಬಂದ್ಲು. ಲೆಕ್ಕಕ್ಕೆ ಎದ್ದು ನಿಂತ್ಲು. ನನಗೆ ಸಮಾಧಾನ ಆಯ್ತು. ಮುಂದಿನ ಶನಿವಾರ ತಮಿಳು ಮನೆಯೊಂದಕ್ಕೆ ಪಾಳಿ. ಇವಳ ಸರದಿ ಅಲ್ಲ, ಆದ್ರೂ ಹಿಂದೆ ಬಂದ್ಲು. ಆ ಮನೆಯವ್ರು ಬಿಸಿ ಪೊಂಗಲ್ ತಂದು ನನ್ನ ಮುಂದೆ ಇಟ್ರು, ಅದು ಕೇಸರಿಬಾತಿನ ಪಟ್ಟಿ ಮನೆ. ಕೈ ಹಾಕ್ಬೇಕು, ಅಷ್ಟರಲ್ಲಿ ಇವಳು ಗಟ್ಟಿಯಾಗಿ ಹೇಳಿದ್ಲು.

"ಆಂಟಿ, ಟೀಚರಿಗೆ ಕೊಡ್ಬೇಡಿ. ಶನಿವಾರ ಅವರಿಗೆ ಉಪವಾಸ. ಅಲ್ವಾ ಟೀಚರ್?"

ನನ್ನನ್ನೇ ನೋಡ್ತಿದ್ಲು. ಬೇರೆ ಮಕ್ಕಳೂ ನೋಡ್ತಿದ್ರು. ಅವಳು ನನ್ನನ್ನ ಕಾಪಾಡ್ತಿದಾಳೋ, ಸಿಕ್ಕಿಹಾಕಿಸ್ತಿದಾಳೋ ಅಂತ ಗೊತ್ತಾಗ್ಲಿಲ್ಲ.

"ಹೂಂ" ಅಂದೆ. ಪೊಂಗಲ್ ಬಿಟ್ಟೆ.

ಸೋಮವಾರ ಅರ್ಜಿ ವಾಪಸ್ ಬಂತು. ನಾಲ್ಕು ಮಡಿಕೆ ಮಾಡಿತ್ತು. ಹೆಬ್ಬೆಟ್ಟಿನ ಗುರುತು ಇರ್ಲಿಲ್ಲ. "ಅವ್ವ ಬೇಡ ಅಂದ್ಲು" ಅಂತ ಮೇಜಿನ ಮೇಲಿಟ್ಟು ಹೋಗಿ ಕೂತ್ಲು. ಅವತ್ತು ಲೆಕ್ಕದ ಪೀರಿಯಡ್ಡಲ್ಲಿ ಅವಳು ಎದ್ದು ನಿಲ್ಲಲಿಲ್ಲ. ಪರೀಕ್ಷೆ ತನಕ ಮತ್ತೆ ಒಂದು ದಿನವೂ ಎದ್ದು ನಿಲ್ಲಲಿಲ್ಲ. ಕೇಳಿದ್ರೆ ಹೇಳ್ತಿದ್ಲು, ಸರಿಯಾಗೇ ಹೇಳ್ತಿದ್ಲು, ಕೂತ್ಕೊಂಡೇ.

ಯಾಕೆ ಬೇಡ ಅಂತ ಅವರಮ್ಮನ್ನ ಕೇಳೋಕೆ ನಾನು ಹೋಗ್ಬೇಕಿತ್ತು. ಹೋಗ್ಲಿಲ್ಲ. ಉತ್ತರ ಗೊತ್ತಿರೋ ಪ್ರಶ್ನೆ ಕೇಳೋದು ಟೀಚರ್ ಕೆಲಸ ಅಂತಾರೆ, ಅದನ್ನೊಂದು ಕೇಳೋಕೆ ನನ್ನ ಕಾಲು ಏಳ್ಲಿಲ್ಲ. ಎಂಟನೇ ಕ್ಲಾಸಿಗೆ ಅವಳು ಅಲ್ಲೇ ಭದ್ರಾವತೀಲಿ ಸೇರಿ, ಅಪ್ಪ ತೀರ್ಕೊಂಡ ಮೇಲೆ ಬಿಟ್ಟು, ಅಮ್ಮನ ಜೊತೆ ಪೊರಕೆ ಹಿಡಿದ್ಲು ಅಂತ ಯಾರೋ ಹೇಳಿದ್ರು. ಅಷ್ಟೊತ್ತಿಗೆ ನನಗೆ ಶಿವಮೊಗ್ಗಕ್ಕೆ ವರ್ಗ ಆಗಿತ್ತು. ಶನಿವಾರದ ಮನೆಭೇಟಿ ಅಲ್ಲಿಗೆ ನಿಂತಿತು.

ಉಪವಾಸ ನಿಲ್ಲಲಿಲ್ಲ. ಆ ಪೊಂಗಲ್ ಬಿಟ್ಟ ಶನಿವಾರದಿಂದ ಇವತ್ತಿನ ತನಕ ಶನಿವಾರ ನಾನು ಅನ್ನ ಮುಟ್ಟಿಲ್ಲ. ಮೊದಮೊದಲು ಮಕ್ಕಳಿಗೆ ಸಿಕ್ಕಿಹಾಕ್ಕೋತೀನಿ ಅಂತ ಭಯಕ್ಕೆ. ಆಮೇಲೆ, ಹೇಳಿದ ಸುಳ್ಳನ್ನ ಹೆಂಗಾದ್ರೂ ಮಾಡಿ ನಿಜ ಮಾಡ್ಬಿಟ್ರೆ ಅದು ಸುಳ್ಳಾಗಿ ಉಳಿಯಲ್ಲ ಅನ್ನೋ ಒಂದು ಹುಚ್ಚಿಗೆ. ಅತ್ತೆಗೆ ಖುಷಿಯೋ ಖುಷಿ. "ಸೊಸೆಗೆ ಕೊನೆಗೂ ದೈವಭಕ್ತಿ ಬಂತು" ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ರು. ಈಗ ವಿನೋಬನಗರದ ಮನೇಲಿ ನನ್ನ ಸೊಸೆ ಪ್ರತಿ ಶನಿವಾರ ನನಗೆ ಅವಲಕ್ಕಿ ಕಲಸಿಕೊಡ್ತಾಳೆ. ನಾನು ಶನಿ ಕಾಟಕ್ಕೆ ಹರಕೆ ಹೊತ್ತಿದೀನಿ ಅಂತ ಅವಳ ನಂಬಿಕೆ. ಶನಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಈ ಮಾತು ಮನೇಲಿ ಯಾರಿಗೂ ಹೇಳಿಲ್ಲ. ಇಲ್ಲೇ ಮೊದ್ಲು.

ಪುಸ್ತಕದ ಮಾತು ಬಂದಾಗ ಟೈರ್ ಅಂಗಡಿಯವನಿಗೆ ಫೋನ್ ಮಾಡಿ ಅವಳ ವಿಷಯ ಕೇಳಿದೆ.

"ಅಲ್ಲೇ ಇದಾಳೆ ಟೀಚರ್, ಅದೇ ಏರಿಯಾ. ಬ್ಲೌಸ್ ಹೊಲೀತಾಳೆ. ನಮ್ಮ ಅಕ್ಕ ಬೇರೆ ಯಾರ ಹತ್ರಾನೂ ಹೊಲಿಸಲ್ಲ, ಅಳತೆ ತಗೊಂಡ್ರೆ ಅರ್ಧ ಇಂಚು ಹೆಚ್ಚು ಕಮ್ಮಿ ಇಲ್ವಂತೆ. ಗ್ರೂಪಿಗೆ ಸೇರಿಸ್ತೀನಿ ಅಂದ್ರೆ ಬೇಡ ಅಂದ್ಲು."

"ಯಾಕಂತೆ?"

"ಹೇಳ್ಲಿಲ್ಲ. ಟೀಚರ್ ಹೆಂಗಿದಾರೆ ಅಂತ ಮಾತ್ರ ಕೇಳಿದ್ಲು."

ಬೇಕಂತ್ಲೇ ಶನಿವಾರ ಭದ್ರಾವತಿಗೆ ಹೊರಟೆ. ಸೊಸೆ ಅವಲಕ್ಕಿ ತೊಳೀತಿದ್ಲು. ಇವತ್ತು ಬೇಡ, ಹೊರಗೆ ಊಟ ಅಂದೆ.

"ಅತ್ತೆ! ಇವತ್ತು ಶನಿವಾರ!"

"ಶನಿದೇವ್ರಿಗೆ ಒಂದು ದಿನ ರಜೆ ಕೊಟ್ಟಿದೀನಿ. ಪಾಪ, ಅವನಿಗೂ ಸುಸ್ತಾಗಿದೆ."

ಬಸ್ಸಲ್ಲಿ ಕೂತು ಪೂರ್ತಿ ಹೇಳಬೇಕಾದ್ದನ್ನ ಬಾಯಿಪಾಠ ಮಾಡಿದೆ. ಮೊದ್ಲು ಅವರಮ್ಮನ ಕೈ ಹಿಡ್ಕೋಬೇಕು. ಆಮೇಲೆ "ಹಸಿವಾಗ್ತಿದೆ, ಏನಿದೆಯೋ ಅದು ಹಾಕಿ" ಅನ್ಬೇಕು. ಆಮೇಲೆ ತಪ್ಪಾಯ್ತು ಅನ್ಬೇಕು. ಹಳೇ ಕಾರ್ಖಾನೆ ಗೋಡೆ ಪಕ್ಕ ಇಳಿದು ನಡೆದೆ. ಗೇಟ್ ಮುಂದೆ ಈಗ ಜನ ಇಲ್ಲ. ಪಾಳಿ ಬಿಟ್ಟಾಗ ಸೈಕಲ್ ಬೆಲ್ಲಿನ ಸದ್ದಿಗೆ ನಮ್ಮ ಪಾಠ ಕೇಳಿಸ್ತಿರ್ಲಿಲ್ಲ, ಅಂಥಾ ಜಾಗ.

ತಗಡಿನ ಚಪ್ಪರದ ಜಾಗದಲ್ಲಿ ಎರಡು ಕೋಣೆಯ ಸಿಮೆಂಟಿನ ಮನೆ. ಕಿಟಕಿ ಹತ್ರ ಹೊಲಿಗೆ ಮಿಷನ್ನು. ಅವಳು ತಲೆ ಎತ್ತಿ ನೋಡಿ, ಎದ್ದು ನಿಂತ್ಲು. ನನಗೆ ಅಷ್ಟಕ್ಕೇ ಕಣ್ಣು ತುಂಬಿತು. ಎದ್ದು ನಿಂತಿದ್ಲಲ್ಲ.

"ಬನ್ನಿ ಟೀಚರ್. ಎಷ್ಟು ಸಣ್ಣಗಾಗಿದೀರಿ!"

"ನೀನು ದಪ್ಪಗಾಗಿದೀಯ. ಅಲ್ಲಿಂದಲ್ಲಿಗೆ ಸರಿ ಹೋಯ್ತು."

ನಕ್ಲು. ಕುರ್ಚಿ ಒರೆಸಿ ಹಾಕಿದ್ಲು. ಗಂಡ ಲಾರಿ ಓಡಿಸ್ತಾನಂತೆ, ಮಗಳು ಕಾಲೇಜಿಗೆ ದಿನಾ ಶಿವಮೊಗ್ಗಕ್ಕೆ ಹೋಗಿ ಬರ್ತಾಳಂತೆ. "ಹಾಸ್ಟೆಲ್ ಸಿಕ್ಕಿತ್ತು ಟೀಚರ್. ನಾನೇ ಬೇಡ ಅಂದೆ" ಅಂದ್ಲು. ಗೋಡೆ ಮೇಲೆ ಅವರಮ್ಮನ ಫೋಟೋ. ಹೂವಿನ ಹಾರ ಹಾಕಿತ್ತು. ನಾನು ಬಸ್ಸಲ್ಲಿ ಮಾಡಿದ ಬಾಯಿಪಾಠದ ಮೊದಲನೇ ಸಾಲು ಅಲ್ಲಿಗೆ ಹೋಯ್ತು.

"ಯಾವಾಗ?"

"ಮೂರು ವರ್ಷ ಆಯ್ತು."

ಕುರ್ಚಿ ಅವಳ ಕಡೆ ಎಳ್ಕೊಂಡೆ. ಆಮೇಲೆ ಹೇಳಿದೆ. ಅವತ್ತು ನನಗೆ ಉಪವಾಸ ಇರ್ಲಿಲ್ಲ ಕಣೆ, ಸುಳ್ಳು ಹೇಳಿದ್ದೆ, ಅಂದೆ.

"ಗೊತ್ತು ಟೀಚರ್."

"ಅವತ್ತೇ ಗೊತ್ತಾಯ್ತಾ?"

"ಅವತ್ತಲ್ಲ" ಅಂದ್ಲು. ಕೈಲಿದ್ದ ದಾರದ ಉಂಡೆ ಸುತ್ತುತಾ ಹೇಳಿದ್ಲು. "ಅವತ್ತು ನಾನು ನಂಬಿದ್ದೆ. ನೀವು ಹೋದ್ಮೇಲೆ ಅವ್ವ ಅಂದ್ಲು, ಅವರು ನಮ್ಮನೇದು ತಿನ್ನಲ್ಲ ಕಣೆ, ಅದಕ್ಕೇ ಹಂಗಂದ್ರು ಅಂತ. ನಾನು ಅವ್ವನ ಮೇಲೆ ಜಗಳಕ್ಕೆ ಹೋದೆ. ನಮ್ಮ ಟೀಚರ್ ಸುಳ್ಳು ಹೇಳಲ್ಲ ಅಂತ. ಮುಂದಿನ ವಾರ ನಿಮ್ಮ ಹಿಂದೆ ಬಂದೆ ನೋಡಿ, ಅದಕ್ಕೇ ಬಂದಿದ್ದು. ಉಪವಾಸ ಅಲ್ವಾ ಅಂದೆ, ನೀವು ಹೂಂ ಅಂದ್ರಿ, ಪೊಂಗಲ್ ಮುಟ್ಲಿಲ್ಲ. ಎಷ್ಟು ಖುಷಿಯಾಯ್ತು ಅಂದ್ರೆ, ಮನೆಗೆ ಓಡ್ಕೊಂಡು ಹೋದೆ. ನೋಡವ್ವ, ನಿಜವಾಗ್ಲೂ ಉಪವಾಸ ಮಾಡ್ತಾರೆ, ಈಗ ಹೆಬ್ಬೆಟ್ಟು ಒತ್ತು ಅಂದೆ."

"ಆಮೇಲೆ?"

"ಅವ್ವ ನಕ್ಲು. ನಮ್ಮನೆಗೆ ಬರೋ ಹಿಂದಿನ ಶನಿವಾರ ಆ ಸೂಪರ್‌ವೈಸರ್ ಮನೇಲಿ ಟೀಚರ್ ಎರಡು ಸಲ ಕೇಸರಿಬಾತ್ ಹಾಕಿಸ್ಕೊಂಡ್ರು ಅಂತ ನೀನೇ ಬಂದು ಕುಣಿದಾಡ್ತಾ ಹೇಳಿದ್ಯಲ್ಲೇ ಅಂದ್ಲು. ಹೌದಲ್ವಾ ಅನ್ನಿಸ್ತು. ಆಗ ಗೊತ್ತಾಯ್ತು."

ಅದೂ ಲೆಕ್ಕವೇ. ಉತ್ತರ ಸರಿಯಾಗೇ ಬಂದಿತ್ತು ಅವಳಿಗೆ.

"ಅವ್ವ ಬೈಲಿಲ್ಲ ಟೀಚರ್ ನಿಮ್ಮನ್ನ. ಅಷ್ಟು ಒಳ್ಳೆಯವ್ರೇ ಹಿಂಗಂದ್ರೆ ಹಾಸ್ಟೆಲಲ್ಲಿ ಗುರ್ತಿಲ್ದವ್ರು ಹೆಂಗಿರ್ತಾರೋ, ಬೇಡಮ್ಮ ಅಂದ್ಲು. ಅಷ್ಟೇ."

"ಆ ವಾರದಿಂದ ನಿಜವಾಗ್ಲೂ ಮಾಡ್ತಿದೀನಿ ಕಣೆ. ಪ್ರತಿ ಶನಿವಾರ. ಒಂದೂ ತಪ್ಪಿಸಿಲ್ಲ" ಅಂದೆ. ಅನ್ಬಾರ್ದಿತ್ತು. ಶಹಬ್ಬಾಸ್‌ಗಿರಿ ಕೇಳಿದಂಗಾಯ್ತು.

ಅವಳು ದಾರದ ಉಂಡೆ ಕೆಳಗಿಟ್ಲು. "ಅದರಿಂದ ಅವ್ವನಿಗೇನು ಬಂತು ಟೀಚರ್?" ಅಂದ್ಲು. ಚುಚ್ಚೋಕೆ ಕೇಳಿದ್ದಲ್ಲ. ಗೊತ್ತಿಲ್ದೆ ಕೇಳಿದಂಗೆ ಕೇಳಿದ್ಲು.

ಆ ತಟ್ಟೆ ಏನಾಯ್ತು ಅಂತ ಕೇಳಿದೆ. ಅವರಮ್ಮ ಅದರಲ್ಲಿ ಯಾರಿಗೂ ತಿನ್ನೋಕೆ ಬಿಡ್ಲಿಲ್ವಂತೆ. ಟೀಚರ್ ತಟ್ಟೆ ಅಂತ ಮೇಲೆ ಅಟ್ಟದ ಮೇಲಿಟ್ಟಿದ್ರಂತೆ. ಅಮ್ಮ ಹೋದ್ಮೇಲೆ ಇವಳು ಇಳಿಸಿ, ಸ್ಟಿಕ್ಕರ್ ಕಿತ್ತು, ಮಗಳಿಗೆ ಕೊಟ್ಟಿದಾಳೆ. "ದಿನಾ ಅದರಲ್ಲೇ ಉಣ್ತಾಳೆ. ಅಂಚಲ್ಲಿ ಇನ್ನೂ ಸ್ವಲ್ಪ ಅಂಟು ಇದೆ, ಎಷ್ಟು ತಿಕ್ಕಿದ್ರೂ ಹೋಗಲ್ಲ" ಅಂದ್ಲು.

ಒಳಗೆ ಕುಕ್ಕರ್ ಒಂದು ಸೀಟಿ ಹೊಡೀತು. ಅನ್ನದ ವಾಸನೆ, ಸಾರಿನ ಒಗ್ಗರಣೆ ವಾಸನೆ. ಬಾಯಿಪಾಠದ ಎರಡನೇ ಸಾಲು ಇನ್ನೂ ಉಳಿದಿತ್ತಲ್ಲ, ಹೇಳಿದೆ.

"ಹಸಿವಾಗ್ತಿದೆ ಕಣೆ. ಏನಿದ್ಯೋ ಅದೇ ಹಾಕು. ಇವತ್ತು ಊಟ ಮಾಡೋಕೇ ಬಂದಿದೀನಿ."

ಅವಳು ಅಮ್ಮನ ಫೋಟೋ ಕಡೆ ನೋಡಿದ್ಲು. ಒಳಗೆ ಹೋದ್ಲು. ಬರುವಾಗ ಕೈಲಿ ಒಂದು ಚಿಪ್ಪು ಬಾಳೆಹಣ್ಣು.

"ಅನ್ನ ಮುಗ್ದ್ಹೋಗಿದೆ ಟೀಚರ್" ಅಂದ್ಲು. "ಶನಿವಾರ ಅಲ್ವಾ, ಹಣ್ಣು ತಗೊಳ್ಳಿ."

ಅವಳು ಹೇಳ್ತಿರೋವಾಗ್ಲೇ ಕುಕ್ಕರ್ ಎರಡನೇ ಸೀಟಿ ಹೊಡೀತು. ಇಬ್ಬರಿಗೂ ಕೇಳಿಸ್ತು. ಅವಳು ಕಣ್ಣು ತಗ್ಗಿಸ್ಲಿಲ್ಲ.

"ಹಂಗಾ" ಅಂದೆ. "ಆಯ್ತು ಬಿಡು."

ಬಸ್ ಸ್ಟ್ಯಾಂಡ್ ತನಕ ಅವಳೇ ಬಂದು ಬಿಟ್ಲು, ಕೈ ಹಿಡ್ಕೊಂಡು ರಸ್ತೆ ದಾಟಿಸಿದ್ಲು. ರೈಲಿಗೆ ಹೋಗಿದ್ರೆ ಬೇಗ ತಲುಪ್ತಿದ್ದೆ, ಆ ಹೊತ್ತಿಗೆ ಒಂದು ಗಾಡಿ ಇದೆ. ಕಪ್ಪು ಕೋಟಿನವ್ರು ಯಾರಾದ್ರೂ ಬಂದು ಟಿಕೆಟ್ ಕೇಳಿದ್ರೆ ಅಂತ ಬಸ್ ಹತ್ತಿದೆ. ಬಾಳೆಹಣ್ಣು ಮಡಿಲಲ್ಲಿ ಹಂಗೇ ಇತ್ತು.

ಮನೆಗೆ ಬಂದಾಗ ಸೊಸೆ ಕೇಳಿದ್ಲು, "ಊಟ ಆಯ್ತಾ ಅತ್ತೆ?"

"ಆಯ್ತು" ಅಂದೆ.

ಮುಂದಿನ ಶನಿವಾರ ಬೆಳಿಗ್ಗೆ ಅವಳು ಅಡಿಗೆಮನೆಯಿಂದ್ಲೇ ಕೂಗಿದ್ಲು. "ಅತ್ತೆ, ಇವತ್ತು ಅನ್ನಾನಾ, ಅವಲಕ್ಕಿನಾ?"

ಅವಲಕ್ಕಿ ಅಂದೆ.